ಹಸಿರುಮನೆ ತರಕಾರಿಗೆ ಎರೆಗೊಬ್ಬರ: ಎಷ್ಟರ ಮಟ್ಟಿಗೆ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 25 ಇಂಚು ಮಳೆ. ಹೆಸರು, ಶೇಂಗಾ, ಕಡಲೆ, ಉಳ್ಳಾಗಡ್ಡಿಯ ಈ ನಾಡಿನಲ್ಲಿ ಕೊಳವೆಬಾವಿ ನೀರನ್ನು ನಂಬಿ ಹಸಿರುಮನೆಯಲ್ಲಿ ದೊಣ್ಣೆಮೆಣಸು, ಸೌತೆ ಬೆಳೆಯುವ ರೈತರೂ ಇದ್ದಾರೆ. ಎರೆಗೊಬ್ಬರ ಹಾಕಿದರೆ ರಾಸಾಯನಿಕ ಗೊಬ್ಬರ ಎಷ್ಟು ಕಡಿಮೆ ಮಾಡಬಹುದು ಎಂಬುದು ಅವರ ಪ್ರಶ್ನೆ. ತೋಟದ ಮೂಲೆಯಲ್ಲಿ ಚಿಕ್ಕ ಹಸಿರುಮನೆ ಕಟ್ಟಿದ ಅಡಕೆ, ಕಾಫಿ ಬೆಳೆಗಾರರಿಗೂ ಇದು ಬೇಕಾದ ವಿಷಯ. ಆದ್ದರಿಂದ ಲೆಕ್ಕ ಹಾಕಿ ನೋಡೋಣ.

ಸವಳಿನ ತೊಂದರೆ

ಮಲೆನಾಡಿನ ತೋಟದಲ್ಲಿ ಮಳೆಯು ಗೊಬ್ಬರದ ಉಪ್ಪನ್ನು ತೊಳೆದು ಒಯ್ಯುತ್ತದೆ. ಹಸಿರುಮನೆಯೊಳಗೆ ಮಳೆ ಬೀಳುವುದಿಲ್ಲ. ಹನಿ ನೀರಾವರಿಯಲ್ಲಿ ಕೊಟ್ಟ ಗೊಬ್ಬರದ ಉಪ್ಪು ಮಣ್ಣಿನಲ್ಲೇ ನಿಲ್ಲುತ್ತದೆ. ಕೊಳವೆಬಾವಿಯ ನೀರು ಸವಳಾಗಿದ್ದರೆ ಅದೂ ಸೇರುತ್ತದೆ. ಮಡಿಯ ಮೇಲೆ ಬಿಳಿ ಪದರು ಕಾಣಿಸಿತೆಂದರೆ ಬೇರಿಗೆ ಕಷ್ಟ ಶುರುವಾಗಿದೆ ಎಂದೇ ತಿಳಿಯಬೇಕು. ಆಗ ಗೊಬ್ಬರ ಹೆಚ್ಚಿಸಿದಷ್ಟೂ ಬೆಳೆ ಸೊರಗುತ್ತದೆ.

ಲೆಕ್ಕ ಹೀಗಿದೆ

ನಿಮ್ಮ ಮಣ್ಣಿಗೆ ಹೆಕ್ಟೇರಿಗೆ 150 ಕಿಲೋ ಸಾರಜನಕ ಬೇಕೆಂದು ಇಟ್ಟುಕೊಳ್ಳೋಣ. ಹತ್ತು ಗುಂಟೆಯ ಹಸಿರುಮನೆಗೆ ಅದು 15 ಕಿಲೋ ಆಗುತ್ತದೆ. ಇದರ ಕಾಲುಭಾಗ, ಅಂದರೆ ಪೌಣೆ ನಾಲ್ಕು ಕಿಲೋವನ್ನು ಎರೆಗೊಬ್ಬರದಿಂದ ಕೊಡಬೇಕು. ಒಳ್ಳೆಯ ಎರೆಗೊಬ್ಬರದಲ್ಲಿ ಸಾರಜನಕ ಸುಮಾರು ಶೇಕಡಾ 1.5. ಅದರಲ್ಲಿ ಅರ್ಧ ಮಾತ್ರ ಮೊದಲ ಬೆಳೆಗೆ ಒದಗುತ್ತದೆಂದು ಹಿಡಿದರೆ 500 ಕಿಲೋ ಎರೆಗೊಬ್ಬರ ಬೇಕಾಗುತ್ತದೆ.

ಇಷ್ಟು ಸಾರಜನಕ ಎಂಟು ಕಿಲೋ ಯೂರಿಯಾದಲ್ಲಿದೆ. ಸಬ್ಸಿಡಿ ದರದಲ್ಲಿ ಅದರ ಬೆಲೆ ಐವತ್ತು ರೂಪಾಯಿ ಮುಟ್ಟುವುದಿಲ್ಲ. ಯೂರಿಯಾ ಉಳಿಸಲೆಂದು ಎರೆಗೊಬ್ಬರವನ್ನು ದುಡ್ಡು ಕೊಟ್ಟು ತಂದರೆ ನಷ್ಟವೇ ಸರಿ. ಆದರೆ ಹನಿ ನೀರಿನಲ್ಲಿ ಬಿಡುವ ದುಬಾರಿ 19:19:19 ಗೊಬ್ಬರದ ಲೆಕ್ಕದಲ್ಲಿ ಸುಮಾರು 20 ಕಿಲೋ ಉಳಿಯುತ್ತದೆ. ಎರೆಗೊಬ್ಬರದಲ್ಲಿ ರಂಜಕ, ಪೊಟ್ಯಾಷ್ ಸಹ ಸ್ವಲ್ಪ ಇರುವುದರಿಂದ ಈ ಕಡಿತವನ್ನು ಬೆಳೆ ತಾಳುತ್ತದೆ. ಮಣ್ಣು ಹುಡಿಯಾಗಿ ತೇವ ಹಿಡಿದುಕೊಳ್ಳುವುದು ಹೆಚ್ಚಿನ ಲಾಭ.

ಮನೆಯಲ್ಲೇ ತಯಾರಿಸಿ

ಗದಗ ಕಡೆ ಶೇಂಗಾ, ಕಡಲೆ, ಹೆಸರಿನ ಹೊಟ್ಟು, ಗೋವಿನಜೋಳದ ರವದಿ ಧಾರಾಳ. ಅಡಕೆ ತೋಟದಲ್ಲಿ ಸೋಗೆ, ಹಾಳೆ ಎಲ್ಲ ಸೇರಿ ವರ್ಷಕ್ಕೆ ಎಕರೆಗೆ ಎರಡು ಟನ್ನಿಗೂ ಮಿಕ್ಕಿ ಕಸ ಸಿಗುತ್ತದೆ. ಅಡಕೆಯ ಕಸವನ್ನು ಎರೆಗೊಬ್ಬರ ಮಾಡುವ ಕ್ರಮವನ್ನು ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ತೋರಿಸಿಕೊಟ್ಟಿದೆ.

ಕಸವನ್ನು ತುಂಡು ಮಾಡಿ, ಸಗಣಿ ಬಗ್ಗಡ ಚಿಮುಕಿಸಿ, ಎರಡು-ಮೂರು ವಾರ ಅರೆಕೊಳೆಯಲು ಬಿಡಬೇಕು. ಕಾವು ಇಳಿದ ಮೇಲೆಯೇ ಎರೆಹುಳು ಬಿಡಬೇಕು. ಬಿಸಿ ಕಸದಲ್ಲಿ ಅವು ಬದುಕುವುದಿಲ್ಲ. ಮೂರು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮಡಿ ಸಾಕು. ಮುಂಡರಗಿಯ ಬೇಸಿಗೆ ಬಿಸಿಲಿಗೆ ಚಪ್ಪರ, ಒದ್ದೆ ಗೋಣಿತಾಟಿನ ಹೊದಿಕೆ ಬೇಕೇ ಬೇಕು. ಇರುವೆಯ ಕಾಟ ತಪ್ಪಿಸಲು ಸುತ್ತ ನೀರಿನ ಕಾಲುವೆ ಮಾಡಿ. ಎರಡು, ಎರಡೂವರೆ ತಿಂಗಳಲ್ಲಿ ಗೊಬ್ಬರ ಚಹಾಪುಡಿಯಂತಾಗುತ್ತದೆ. ನಾಲ್ಕೈದು ದಿನ ನೀರು ನಿಲ್ಲಿಸಿದರೆ ಹುಳುಗಳು ಕೆಳಗಿಳಿಯುತ್ತವೆ. ಆಗ ಮೇಲಿನ ಗೊಬ್ಬರ ತೆಗೆದು ಜರಡಿ ಹಿಡಿಯಿರಿ.

ನೆನಪಿಡಬೇಕಾದದ್ದು

ಎರೆಗೊಬ್ಬರವನ್ನು ನಾಟಿಗೆ ಮೊದಲೇ ಮಡಿಯ ಮಣ್ಣಿಗೆ ಬೆರೆಸಿ. ಮಣ್ಣಿನಲ್ಲಿ ಕೂತ ಸವಳನ್ನು ಅದು ತೆಗೆಯಲಾರದು. ಅದಕ್ಕೆ ಸಿಹಿನೀರೇ ಬೇಕು. ಹತ್ತು ಗುಂಟೆ ಹಸಿರುಮನೆಯ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ 25 ಸಾವಿರ ಲೀಟರ್ ನೀರು. ಅದನ್ನು ಹೊಂಡಕ್ಕೆ ಹಿಡಿದಿಟ್ಟುಕೊಂಡರೆ ಬೆಳೆ ತೆಗೆದ ಮೇಲೆ ಮಡಿ ತೊಳೆಯಲು ಒದಗುತ್ತದೆ.

ಮೊದಲ ವರ್ಷವೇ ಕಾಲುಭಾಗಕ್ಕಿಂತ ಹೆಚ್ಚು ಕಡಿತ ಮಾಡುವುದು ಬೇಡ. ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಗದಗ ಕಡೆಯವರು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಬಹುದು. ಬಳಿಕ ಅರ್ಧ ಮಡಿಗಳಿಗೆ ಹಳೆಯ ಕ್ರಮ, ಉಳಿದರ್ಧಕ್ಕೆ ಈ ಕ್ರಮ ಅನುಸರಿಸಿ, ಪ್ರತಿ ಕೊಯ್ಲಿನ ತೂಕ ಬೇರೆ ಬೇರೆ ಬರೆದಿಡಿ. ಮುಂದಿನ ವರ್ಷ ಎಷ್ಟು ಇಳಿಸಬಹುದೆಂದು ಆ ಪುಸ್ತಕವೇ ಹೇಳುತ್ತದೆ.