ಶಿಲಾಮೊನೆಗಳ ಕುಲಗೋತ್ರ

ಆದಿಮಾನವನ ಕಲ್ಲಿನ ಮೊನೆಯೊಂದನ್ನು ಅಂಗೈಯಲ್ಲಿಟ್ಟರೆ ಯಾರ ಕಣ್ಣಾದರೂ ಮೊದಲು ಹರಿಯುವುದು ಅದರ ತುದಿಯ ಕಡೆಗೆ. ಆದರೆ ಈ ವಿದ್ಯೆಯಲ್ಲಿ ನುರಿತವರು ಅದನ್ನು ತಿರುಗಿಸಿ, ಒಂದು ಕಾಲದಲ್ಲಿ ಕಾವಿನ ಸೀಳಿನೊಳಗೆ ಸೇರಿ ಸ್ನಾಯುವಿನ ನಾರಿನಿಂದ ಬಿಗಿಯಲ್ಪಟ್ಟಿದ್ದ ಬುಡವನ್ನು ಪರೀಕ್ಷಿಸುತ್ತಾರೆ. ತುದಿಯು ಬೇಟೆಯಲ್ಲಿ ಮುರಿಯುವಂಥದು, ಮುರಿದ ಮೇಲೆ ಮತ್ತೆ ಹರಿತಗೊಳ್ಳುವಂಥದು, ಹೀಗೆ ಕಿರಿದಾಗುತ್ತ ಪೂರ್ವದ ಆಕಾರವನ್ನೇ ನೀಗಿಕೊಳ್ಳುವಂಥದು; ಕಟ್ಟಿನೊಳಗೆ ಅಡಗಿದ್ದ ಬುಡವಾದರೋ ಮಾಡಿದವನ ಸಂಪ್ರದಾಯವನ್ನು ಬಹುಮಟ್ಟಿಗೆ ಕಾಪಾಡಿಕೊಂಡಿರುತ್ತದೆ.

ಉತ್ತರ ಅಮೆರಿಕದಲ್ಲಿ ಈ ಅಧ್ಯಯನಕ್ಕೆ ಗೌರವ ತಂದುಕೊಟ್ಟ ಶೋಧದ ಮೂಲದಲ್ಲಿ ಒಬ್ಬ ದನಗಾಹಿ ಇದ್ದಾರೆ. 1908ರ ಮಹಾಪೂರವು ನ್ಯೂ ಮೆಕ್ಸಿಕೊದ ಫಾಲ್ಸಮ್ ಗ್ರಾಮದ ಬಳಿಯ ಹಳ್ಳವೊಂದನ್ನು ಆಳವಾಗಿ ಕೊರೆದಾಗ, ಗುಲಾಮಗಿರಿಯಲ್ಲಿ ಹುಟ್ಟಿ ಬೆಳೆದ ಮೇಲೆ ಅಕ್ಷರ ಕಲಿತಿದ್ದ ಜಾರ್ಜ್ ಮೆಕ್‌ಜಂಕಿನ್ ಅವರು ದಂಡೆಯ ಕೆಳಪದರದಿಂದ ಹೊರಚಾಚಿದ್ದ ಭಾರೀ ಎಲುಬುಗಳನ್ನು ಕಂಡು, ಅವು ಸಾಮಾನ್ಯವಾದವುಗಳಲ್ಲವೆಂದು ಮನಗಂಡು, ಆಸಕ್ತರಿಗೆ ತಿಳಿಸಿದರು. 1922ರಲ್ಲಿ ಅವರು ತೀರಿಕೊಳ್ಳುವವರೆಗೂ ಅಲ್ಲಿ ಉತ್ಖನನ ನಡೆಯಲಿಲ್ಲ. 1927ರಲ್ಲಿ ಡೆನ್ವರಿನ ವಸ್ತುಸಂಗ್ರಹಾಲಯದವರು, ಹಿಮಯುಗದ ತರುವಾಯ ನಿರ್ವಂಶವಾದ ಬೈಸನ್ನಿನ ಪಕ್ಕೆಲುಬುಗಳ ನಡುವೆ ಶಿಲಾಮೊನೆಯೊಂದು ಕಂಡೊಡನೆ ಅದನ್ನು ಕೀಳದೆ, ಇದ್ದಲ್ಲಿಯೇ ಇರಿಸಿ, ವಿದ್ವಾಂಸರನ್ನು ಬರಮಾಡಿಕೊಂಡು ತೋರಿಸಿದರು. ಆ ಖಂಡದಲ್ಲಿ ಮನುಷ್ಯನ ವಾಸ ಕೆಲವೇ ಸಾವಿರ ವರ್ಷಗಳದೆಂಬ ಪ್ರಬಲ ಅಭಿಪ್ರಾಯವು ಅಲ್ಲಿಂದ ಕುಸಿಯತೊಡಗಿತು. ಕೀಳದೆ ಬಿಟ್ಟ ಆ ಸಂಯಮವನ್ನು ನಾನು ಶೋಧಕ್ಕಿಂತ ಕಿರಿದೆಂದು ಎಣಿಸಲಾರೆ.

ಫಾಲ್ಸಮ್ ಮೊನೆಯ ಲಕ್ಷಣವೆಂದರೆ, ಬುಡದಿಂದ ಹೊರಟು ಹೆಚ್ಚುಕಡಿಮೆ ತುದಿಯವರೆಗೂ ಎರಡು ಮುಖಗಳಲ್ಲಿ ಹರಿಯುವ ಅಗಲವಾದ ತೋಡು. ಅದೇ ಪ್ರಾಂತದ ಬ್ಲ್ಯಾಕ್‌ವಾಟರ್ ಡ್ರಾದಲ್ಲಿ 1930ರ ದಶಕದ ಅಗೆತಗಳು ಹೊರಗೆಡಹಿದ, ಸುಮಾರು 13,000 ವರ್ಷಗಳಷ್ಟು ಹಳೆಯದಾದ ಕ್ಲೋವಿಸ್ ಮೊನೆಯು ಇದಕ್ಕಿಂತ ದೊಡ್ಡದು. ಅದರ ತೋಡು ಅರ್ಧದಾರಿಯನ್ನೂ ಮುಟ್ಟದೆ ನಿಲ್ಲುವುದೇ ಹೆಚ್ಚು. ಮ್ಯಾಮತ್ ಆನೆಗಳ ಎಲುಬಿನೊಡನೆ ಅದು ಫಾಲ್ಸಮ್ ಪದರಕ್ಕಿಂತ ಕೆಳಗೆ ದೊರೆತುದರಿಂದ ಹಿರಿಕಿರಿತನವು ನಿರ್ಣಯವಾಯಿತು. ಎರಡರಲ್ಲಿಯೂ ಬುಡದ ಅಂಚನ್ನು ಬೆರಳಿನಿಂದ ಸವರಿದರೆ ಮೊಂಡಾಗಿರುವುದು ತಿಳಿಯುತ್ತದೆ. ಹರಿತವಾದ ಅಂಚು ಬಿಗಿದ ನಾರನ್ನು ಕತ್ತರಿಸೀತೆಂದು ಕುಶಲಿಯು ಅದನ್ನು ಬೇಕೆಂದೇ ಉಜ್ಜಿ ಮೊಂಡಾಗಿಸಿದ್ದನು.

ತರುವಾಯದ ಕಾಲದವುಗಳಲ್ಲಿ ಪಕ್ಕದ ಕಚ್ಚು, ಮೂಲೆಯ ಕಚ್ಚು, ತೊಟ್ಟು ಎಂಬಿವು ಕುಲಚಿಹ್ನೆಗಳು. ಹೆಸರು ಸಾಮಾನ್ಯವಾಗಿ ಮೊದಲು ದೊರೆತ ಸ್ಥಳದ್ದು. ಜನ ಎಲ್ಲವನ್ನೂ ಬಾಣವೆನ್ನುವುದುಂಟಾದರೂ ಫಾಲ್ಸಮ್, ಕ್ಲೋವಿಸ್‌ಗಳು ಈಟಿಯ ಮೊನೆಗಳೆಂದೇ ವಿದ್ವಾಂಸರ ಮತ; ಬಿಲ್ಲು ಬಂದದ್ದು ಬಹಳ ತಡವಾಗಿ. 1978ರಲ್ಲಿ ಡೇವಿಡ್ ಹರ್ಸ್ಟ್ ಥಾಮಸ್ ಅವರು ಕಾವು ಕಳಚದೆ ಉಳಿದಿದ್ದ 132 ಬಾಣಗಳನ್ನೂ 10 ಎಸೆಯುವ ಈಟಿಗಳನ್ನೂ ಅಳೆದು, ಇವೆರಡನ್ನು ಬೇರ್ಪಡಿಸುವ ಸೂತ್ರವನ್ನು ರಚಿಸಿದರು.

ಆದರೂ ಮೋಸಹೋಗುವುದು ಸುಲಭ. ಕಚ್ಚಿನ ಬಳಿ ಮುರಿದ ಮೊನೆಯ ಪಕ್ಕದಲ್ಲಿ ಬೇಟೆಗಾರನು ಹೊಸ ಕಚ್ಚನ್ನು ಕಡಿದು ಬಳಸಿದನೆಂದರೆ ಒಂದೇ ಕಲ್ಲು ಎರಡು ಕುಲಗಳ ವೇಷ ತೊಟ್ಟಂತಾಗುತ್ತದೆ. ಆದ್ದರಿಂದಲೇ ಪದರವನ್ನೂ ಸ್ಥಳವನ್ನೂ ಬರೆದಿಡದೆ ಹೊಲದಿಂದ ಹೆಕ್ಕಿಕೊಂಡು ಹೋಗುವ ಸಂಗ್ರಹದಾಸೆಯು ನನಗೆ ನೋವು ತರುತ್ತದೆ.

ಇಡಾಹೊ ಪ್ರಾಂತದ ಡಾನ್ ಕ್ರಾಬ್‌ಟ್ರೀ ಅವರು ಅಳತೆಗೋಲಿನಿಂದ ತೃಪ್ತರಾಗದೆ, ಕಲ್ಲನ್ನು ತಾವೇ ಒಡೆದು ಫಾಲ್ಸಮ್ ತೋಡಿನ ರಹಸ್ಯವನ್ನು ಅರಸಿ, ತಮ್ಮ ಪ್ರಯೋಗಗಳನ್ನು 1966ರಲ್ಲಿ ಪ್ರಕಟಿಸಿದರು. ಮೊನೆಯು ಮುಗಿಯುತ್ತ ಬಂದಾಗ ಬುಡದಿಂದ ಒಂದೇ ಉದ್ದ ಚಕ್ಕೆಯನ್ನು ಎಬ್ಬಿಸಬೇಕು. ಬಲ ಸ್ವಲ್ಪ ತಪ್ಪಿದರೂ ಅಷ್ಟುಹೊತ್ತಿನ ಶ್ರಮವೆಲ್ಲ ಎರಡು ತುಂಡು. ಕೊಲರಾಡೊದ ಲಿಂಡನ್‌ಮೈಯರ್ ನೆಲೆಯಲ್ಲಿ ಅಂಥ ಚಕ್ಕೆಗಳೂ, ತೋಡು ತೆಗೆಯುವಾಗಲೇ ಒಡೆದ ಮೊನೆಗಳೂ, ಕುಶಲಿಯ ಕೈ ಬಿಟ್ಟುಹೋದ ನೆಲದ ಮೇಲೆಯೇ ದೊರೆತಿವೆ.