ಸೊಂಟದ ನೋವು ಕಾಲಿಗೆ ಇಳಿದಾಗ...

‘ಸೊಂಟ ಹಿಡಿದಿದೆ’ ಎಂಬ ಮಾತು ಕೇಳಿಬರದ ಮನೆ ಅಪರೂಪ. ನೀರಿನ ಕೊಡ ಎತ್ತಿದ ತಾಯಿಗೆ, ಅಕ್ಕಿಮೂಟೆ ಹೊತ್ತ ತಂದೆಗೆ, ದಿನವಿಡೀ ಕುರ್ಚಿಯಲ್ಲೇ ಕುಳಿತು ದುಡಿಯುವ ಅಣ್ಣನಿಗೆ ಒಂದಲ್ಲ ಒಂದು ದಿನ ಈ ತೊಂದರೆ ಕಾಡುವುದುಂಟು. ಉಳುಕೆಂದು ಎಣ್ಣೆ ತಿಕ್ಕಿಸಿಕೊಂಡು ಬಿಸಿನೀರು ಹಾಕಿಸಿಕೊಳ್ಳುತ್ತಾರೆ. ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಬೆನ್ನಿಗೆ ಒದೆಸಿಕೊಳ್ಳುವವರೂ ಇದ್ದಾರೆ. ಇಂಥ ನೋವುಗಳಲ್ಲಿ ಬಹುಪಾಲು ಸ್ನಾಯುಗಳಿಗೆ ಸಂಬಂಧಿಸಿದ್ದು, ಕೆಲವು ದಿನಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ಕೀರ್ತಿ ಮಾತ್ರ ಒದ್ದವರಿಗೆ ಸಲ್ಲುತ್ತದೆ!

ಆದರೆ ಎಲ್ಲ ಸೊಂಟನೋವೂ ಉಳುಕಲ್ಲ. ಬೆನ್ನುಮೂಳೆಯ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತಿದಾಗ ಬರುವ ನೋವಿನ ರೀತಿಯೇ ಬೇರೆ. ಅದು ಎಲ್ಲಿ ಹುಟ್ಟಿ ಎಲ್ಲಿಯವರೆಗೆ ಹರಿಯುತ್ತದೆ ಎಂಬುದನ್ನು ಗಮನಿಸಿದರೆ ಮನೆಯವರಿಗೂ ಸುಳಿವು ಸಿಗುತ್ತದೆ.

ಡಿಸ್ಕ್ ಎಂದರೇನು?

ನಮ್ಮ ಬೆನ್ನೆಲುಬು 33 ಕಶೇರುಮಣಿಗಳ ಸರಪಳಿ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5 ಮಣಿಗಳಿವೆ. ಅದಕ್ಕೂ ಕೆಳಗಿನ 9 ಮಣಿಗಳು ಬೆಳೆದವರಲ್ಲಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಈ ಸರಪಳಿಯಲ್ಲಿ ಮಣಿಗಳ ನಡುವೆ ಮೆತ್ತೆಯಂತೆ ಕುಳಿತಿರುವ ಡಿಸ್ಕ್‌ಗಳು 23. ಪ್ರತಿ ಡಿಸ್ಕ್‌ಗೂ ಈರುಳ್ಳಿಯ ಪದರಗಳಂತೆ ಸುತ್ತಿಕೊಂಡ ಗಟ್ಟಿ ನಾರಿನ ಹೊರಬಳೆ ಇದೆ. ಒಳಗೆ ಹೆಚ್ಚಾಗಿ ನೀರಿನಿಂದ ಕೂಡಿದ ಲೋಳೆಯಂಥ ತಿರುಳಿದೆ. ಹಗಲಿನಲ್ಲಿ ದೇಹದ ಭಾರಕ್ಕೆ ಈ ತಿರುಳಿನಿಂದ ಸ್ವಲ್ಪ ನೀರು ಹೊರಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಸೇರಿಕೊಳ್ಳುತ್ತದೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಾಸಿಗೆಯಿಂದ ಎದ್ದ ಕೂಡಲೇ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಎತ್ತರ ಅಳೆಯಿರಿ. ಬೆಳಿಗ್ಗೆ ನೀವು ಸುಮಾರು 1 ಸೆಂಟಿಮೀಟರ್‌ನಷ್ಟು ಎತ್ತರವಾಗಿರುತ್ತೀರಿ!

ವಯಸ್ಸಾದಂತೆ ಹೊರಬಳೆಯಲ್ಲಿ ಬಿರುಕು ಮೂಡುತ್ತದೆ. ಆಗ ಬಗ್ಗಿ ಭಾರ ಎತ್ತಿದರೆ, ಕೆಲವೊಮ್ಮೆ ಜೋರಾಗಿ ಸೀನಿದರೂ ತಿರುಳು ಹೊರಕ್ಕೆ ಉಬ್ಬಬಹುದು. ಜನ ಇದನ್ನು ‘ಡಿಸ್ಕ್ ಜಾರಿದೆ’ ಎನ್ನುತ್ತಾರೆ. ವಾಸ್ತವವಾಗಿ ಡಿಸ್ಕ್ ಜಾರುವುದಿಲ್ಲ. ಮೇಲಿನ ಮತ್ತು ಕೆಳಗಿನ ಮಣಿಗಳಿಗೆ ಅದು ಭದ್ರವಾಗಿ ಅಂಟಿಕೊಂಡಿರುತ್ತದೆ. ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲೇ ಈ ತೊಂದರೆ ಅತಿ ಹೆಚ್ಚು. 30ರಿಂದ 50 ವರ್ಷದವರಲ್ಲಿ ಸಾಮಾನ್ಯ, ಶಾಲಾಮಕ್ಕಳಲ್ಲಿ ವಿರಳ.

ಸೊಂಟದಿಂದ ಕಾಲಿಗಿಳಿಯುವ ಈ ನೋವನ್ನು ಆಯುರ್ವೇದ ‘ಗೃಧ್ರಸಿ’ ಎಂದು ಕರೆದಿದೆ. ಗೃಧ್ರ ಎಂದರೆ ಹದ್ದು. ರೋಗಿಯ ಕುಂಟುನಡಿಗೆ ಅದರ ನಡಿಗೆಯನ್ನು ಹೋಲುತ್ತದೆಂದು ಈ ಹೆಸರು. ಇದಕ್ಕೂ ಡಿಸ್ಕ್‌ಗೂ ಇರುವ ಸಂಬಂಧವನ್ನು 1934ರಲ್ಲಿ ಸ್ಪಷ್ಟಪಡಿಸಿದವರು ಅಮೆರಿಕದ ಬಾಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್.

ಲಕ್ಷಣಗಳು ಯಾವುವು?

ಸ್ವಿಚ್ಚಿನ ಬಳಿ ತಂತಿ ಕೆಟ್ಟರೆ ದೂರದ ಬಲ್ಬು ಆರುತ್ತದೆ. ಹಾಗೆಯೇ ಸೊಂಟದಲ್ಲಿ ನರ ಒತ್ತಲ್ಪಟ್ಟರೆ ಪಾದದಲ್ಲಿ ಅದರ ಪರಿಣಾಮ ಕಾಣುತ್ತದೆ.

* ನೋವು ಪೃಷ್ಠದಿಂದ ತೊಡೆಗಿಳಿದು, ಮಂಡಿಯನ್ನು ದಾಟಿ ಪಾದದವರೆಗೆ ಶಾಕ್ ಹೊಡೆದಂತೆ ಹರಿಯುತ್ತದೆ. ಸಾಮಾನ್ಯವಾಗಿ ಒಂದೇ ಕಾಲಿನಲ್ಲಿ. ಸೊಂಟಕ್ಕಿಂತ ಕಾಲೇ ಹೆಚ್ಚು ನೋಯುತ್ತದೆ.

* ಕೆಮ್ಮಿದಾಗ, ಸೀನಿದಾಗ, ಮಲವಿಸರ್ಜನೆಗೆ ಮುಕ್ಕಿದಾಗ, ಬಹಳ ಹೊತ್ತು ಕುಳಿತಾಗ ನೋವು ಹೆಚ್ಚುತ್ತದೆ.

* ಜೋಮು ಹಿಡಿಯುತ್ತದೆ. ಪಾದದ ಮೇಲ್ಭಾಗ ಮತ್ತು ಹೆಬ್ಬೆರಳಿನಲ್ಲಾದರೆ ಕೊನೆಯ ಡಿಸ್ಕ್‌ಗಿಂತ ಮೇಲಿನದನ್ನು, ಪಾದದ ಹೊರ ಅಂಚು ಮತ್ತು ಕಿರುಬೆರಳಿನಲ್ಲಾದರೆ ಕೊನೆಯ ಡಿಸ್ಕ್ ಅನ್ನೇ ವೈದ್ಯರು ಸಂಶಯಿಸುತ್ತಾರೆ.

* ಬಲ ಕುಂದುತ್ತದೆ. ಹಿಮ್ಮಡಿಯ ಮೇಲೆ ಅಥವಾ ತುದಿಗಾಲಿನಲ್ಲಿ ನಡೆಯಲಾಗುವುದಿಲ್ಲ. ಕೆಲವರಿಗೆ ಚಪ್ಪಲಿ ಕಳಚಿದ್ದೂ ತಿಳಿಯುವುದಿಲ್ಲ.

ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ನಿಧಾನವಾಗಿ ಮೇಲೆತ್ತುವುದು ವೈದ್ಯರ ಸರಳ ಪರೀಕ್ಷೆ. 30ರಿಂದ 70 ಡಿಗ್ರಿಗಳ ನಡುವೆ ನೋವು ಮಂಡಿಯ ಕೆಳಕ್ಕೆ ಹರಿದರೆ ನರ ಒತ್ತಲ್ಪಟ್ಟಿರುವ ಸಂಭವ ಹೆಚ್ಚು.

ಕುತ್ತಿಗೆಯ ಡಿಸ್ಕ್ ಕೆಟ್ಟರೆ ಇದೇ ಬಗೆಯ ನೋವು ಭುಜದಿಂದ ತೋಳಿಗೆ, ಬೆರಳುಗಳಿಗೆ ಇಳಿಯುತ್ತದೆ. ಆದರೆ ತೋಳುನೋವಿನ ಜತೆ ಎದೆ ಬಿಗಿತ, ಬೆವರು ಕಂಡರೆ ಅದು ಹೃದಯದ ತೊಂದರೆ ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಾಚಿಕೆ ಬೇಡ

ಮೂತ್ರ ಕಟ್ಟಿಕೊಳ್ಳುವುದು, ಮಲಮೂತ್ರಗಳ ಮೇಲೆ ಹಿಡಿತ ತಪ್ಪುವುದು, ಸೈಕಲ್ ಸೀಟಿಗೆ ತಾಗುವ ಭಾಗ ಮರಗಟ್ಟುವುದು, ಎರಡೂ ಕಾಲುಗಳು ಸೋಲುವುದು – ಇವುಗಳಲ್ಲಿ ಯಾವುದೇ ಒಂದು ಕಂಡರೂ ಅದೇ ದಿನ, ರಾತ್ರಿಯಾಗಿದ್ದರೆ ರಾತ್ರಿಯೇ, ದೊಡ್ಡ ಆಸ್ಪತ್ರೆ ಸೇರಬೇಕು. ಬೆನ್ನೆಲುಬಿನ ಕೆಳಭಾಗದ ನರಗಳ ಗೊಂಚಲೇ ಒತ್ತಲ್ಪಟ್ಟಿರುವ ಸೂಚನೆ ಇದು. ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು. ತಡವಾದರೆ ದೋಷ ಶಾಶ್ವತವಾಗಿ ಉಳಿಯಬಹುದು. ಹಿರಿಯರು, ಅದರಲ್ಲೂ ತಾಯಂದಿರು, ಇಂಥದ್ದನ್ನು ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಮಕ್ಕಳೇ ಮೆಲ್ಲಗೆ ಕೇಳಿ ತಿಳಿಯಬೇಕು.

ಇವು ಇಲ್ಲದಿದ್ದಲ್ಲಿ ಹೆದರಬೇಕಿಲ್ಲ. ಹೆಚ್ಚಿನವರು 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆ ಚೇತರಿಸಿಕೊಳ್ಳುತ್ತಾರೆ. ಉಬ್ಬಿದ ತಿರುಳನ್ನು ದೇಹವೇ ಹೀರಿಕೊಳ್ಳುವುದುಂಟು. ವಾರಗಟ್ಟಲೆ ಮಲಗಿರುವುದಕ್ಕಿಂತ ಆದಷ್ಟು ಓಡಾಡುವುದೇ ಒಳ್ಳೆಯದು. ಬೆನ್ನು ತುಳಿಸಿಕೊಳ್ಳುವುದು ಬೇಡವೇ ಬೇಡ. ಎಕ್ಸ್‌ರೇಯಲ್ಲಿ ಡಿಸ್ಕ್ ಕಾಣುವುದಿಲ್ಲ, ಎಂ.ಆರ್.ಐ.ನಲ್ಲಿ ಕಾಣುತ್ತದೆ. ಆದರೆ ನೋವೇ ಇಲ್ಲದ ಅನೇಕರಲ್ಲೂ ಅದು ಉಬ್ಬಿದ ಡಿಸ್ಕ್ ತೋರಿಸುತ್ತದೆ. ಆದ್ದರಿಂದ ಚಿತ್ರದಷ್ಟೇ ಲಕ್ಷಣಗಳೂ ಮುಖ್ಯ.

ಸನ್ನೆಕೋಲಿನ ಪಾಠ

ಬೆನ್ನು ಬಗ್ಗಿಸಿ, ಕೈ ಚಾಚಿ 10 ಕಿಲೋ ಭಾರ ಎತ್ತುತ್ತೀರೆನ್ನಿ. ಡಿಸ್ಕ್ ಆನಿಕೆ ಬಿಂದು. ಭಾರ ಅದರಿಂದ 50 ಸೆಂ.ಮೀ. ಮುಂದಿದೆ, ಬೆನ್ನಿನ ಸ್ನಾಯು ಸುಮಾರು 5 ಸೆಂ.ಮೀ. ಹಿಂದಿದೆ. ಆ ಭಾರವನ್ನು ಸರಿದೂಗಿಸಲು ಸ್ನಾಯು 100 ಕಿಲೋ ತೂಕದಷ್ಟು ಬಲ ಹಾಕಬೇಕು! ಮಂಡಿ ಮಡಿಸಿ, ಭಾರವನ್ನು ಮೈಗೆ ಒತ್ತಿ ಹಿಡಿದು ಎದ್ದರೆ ಈ ಬಲ ಎಷ್ಟೋ ಕಡಿಮೆಯಾಗುತ್ತದೆ. ಕೊಡವಿರಲಿ, ಮೂಟೆಯಿರಲಿ, ಶಾಲೆಯ ಚೀಲವಿರಲಿ, ಸೂತ್ರ ಒಂದೇ.

ಮನೆಯಲ್ಲಿ ಯಾರಾದರೂ ‘ಸೊಂಟ ಹಿಡಿದಿದೆ’ ಎಂದರೆ ಎಣ್ಣೆಯ ಬಟ್ಟಲು ತರುವ ಮುನ್ನ ನಾಲ್ಕು ಪ್ರಶ್ನೆ ಕೇಳಿ: ನೋವು ಮಂಡಿ ದಾಟಿದೆಯೇ? ಜೋಮು ಇದೆಯೇ? ಪಾದದಲ್ಲಿ ಬಲ ಇದೆಯೇ? ಮೂತ್ರ ಸರಾಗವಾಗಿದೆಯೇ? ಉತ್ತರ ಸಮಾಧಾನಕರವಾಗಿದ್ದರೆ ಎಣ್ಣೆ ತಿಕ್ಕಲು ಅಡ್ಡಿಯಿಲ್ಲ. ಇಲ್ಲವಾದರೆ ವೈದ್ಯರ ಮನೆಯ ದಾರಿ ಹಿಡಿಯಿರಿ.