ತಂತಿಯ ದಾರಿ: ಚಿತ್ರ ನೋಡಿ ಮಾಡುವ ಚಿಕಿತ್ಸೆಯ ಕಲಿಕೆ

ಎಕ್ಸ್‌-ರೇ, ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಯಂತ್ರ ತೋರಿಸುವ ಚಿತ್ರವನ್ನು ನೋಡುತ್ತ, ಚರ್ಮದಲ್ಲಿ ಮಾಡಿದ ಕೆಲವೇ ಮಿಲಿಮೀಟರಿನ ರಂಧ್ರದಿಂದ ಸೂಜಿ, ತಂತಿ, ನಳಿಕೆಗಳನ್ನು ಒಳಸೇರಿಸಿ, ರೋಗವಿರುವ ಜಾಗದಲ್ಲಿಯೇ ಚಿಕಿತ್ಸೆ ನೀಡುವ ವೈದ್ಯವಿಭಾಗಕ್ಕೆ ಇಂಟರ್ವೆನ್ಷನಲ್ ರೇಡಿಯಾಲಜಿ ಎಂದು ಹೆಸರು. ಯಕೃತ್ತಿನಲ್ಲಿ ಕಟ್ಟಿದ ಕೀವನ್ನು ಹೊರಹರಿಸುವುದು, ಕಲ್ಲಿನಿಂದ ದಾರಿ ಮುಚ್ಚಿದ ಮೂತ್ರಪಿಂಡಕ್ಕೆ ಬೆನ್ನಿನ ಕಡೆಯಿಂದ ನಳಿಕೆ ಇಡುವುದು, ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಸೆಳೆದು ತೆಗೆಯುವುದು, ಇವೆಲ್ಲ ಈ ವಿಭಾಗದ ಕೆಲಸಗಳೇ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಜನರು ಇಂಥ ಚಿಕಿತ್ಸೆಗೆ ಸಾಮಾನ್ಯವಾಗಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ದೊಡ್ಡ ದವಾಖಾನೆಗಳತ್ತ ಮುಖ ಮಾಡುವುದರಿಂದ, ಇದನ್ನು ಯಾರು, ಎಲ್ಲಿ, ಎಷ್ಟರಮಟ್ಟಿಗೆ ಕಲಿಯಬೇಕು ಎಂಬುದು ಈ ಭಾಗಕ್ಕೆ ನೇರವಾಗಿ ತಟ್ಟುವ ಪ್ರಶ್ನೆಯಾಗಿದೆ.

ಈ ವಿದ್ಯೆಯ ಮೊದಲ ಪಾಠ ಸ್ವೀಡನ್ನಿನ ಸ್ವೆನ್-ಇವಾರ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ಸರಳ ಕ್ರಮದಲ್ಲಿದೆ. ಟೊಳ್ಳು ಸೂಜಿಯನ್ನು ರಕ್ತನಾಳಕ್ಕೆ ಚುಚ್ಚಿ, ಅದರೊಳಗಿಂದ ಮೃದುವಾದ ತುದಿಯ ತಂತಿಯನ್ನು ತೂರಿಸಿ, ತಂತಿಯನ್ನು ಒಳಗೇ ಬಿಟ್ಟು ಸೂಜಿಯನ್ನು ಮಾತ್ರ ಹಿಂದೆಗೆದು, ಅದೇ ತಂತಿಯ ಮೇಲೆ ನಳಿಕೆಯನ್ನು ಜಾರಿಸುವುದೇ ಆ ಕ್ರಮ. ಸೂಜಿ ಬಂದು ಹೋದರೂ ದಾರಿಯನ್ನು ಹಿಡಿದಿಡುವುದು ತಂತಿಯಾದ್ದರಿಂದ, ಅದನ್ನು ಯಾವ ಗಳಿಗೆಯಲ್ಲಿಯೂ ಕೈಬಿಡಬಾರದೆಂಬುದು ಕಲಿಯುವವರಿಗೆ ಹೇಳುವ ಮೊದಲ ಕಟ್ಟಳೆ. 1964ರ ಜನವರಿಯಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಇದೇ ದಾರಿ ಹಿಡಿದು, ಕಾಲು ಕತ್ತರಿಸುವುದೊಂದೇ ಉಳಿದ ಉಪಾಯವೆಂದು ವೈದ್ಯರು ಹೇಳಿದ್ದ 82 ವರ್ಷದ ಮಹಿಳೆಯ ತೊಡೆಯ ರಕ್ತನಾಳವನ್ನು ಒಳಗಿನಿಂದಲೇ ಹಿಗ್ಗಿಸಿ ಕಾಲನ್ನು ಉಳಿಸಿದ ಮೇಲೆ, ರೋಗವನ್ನು ಗುರುತಿಸಲು ಮಾತ್ರ ಬಳಕೆಯಾಗುತ್ತಿದ್ದ ರೇಡಿಯಾಲಜಿ ಚಿಕಿತ್ಸೆಯ ವಿದ್ಯೆಯೂ ಆಯಿತು.

ಕ್ರಮ ಸರಳವಾದರೂ ಅದನ್ನು ಕೈಗೆ ಹತ್ತಿಸಿಕೊಳ್ಳುವುದು ಸುಲಭವಲ್ಲ. ಅಲ್ಟ್ರಾಸೌಂಡ್ ಯಂತ್ರವು ದೇಹದ ತೀರ ತೆಳುವಾದ ಒಂದು ಸೀಳನ್ನಷ್ಟೇ ಪರದೆಯ ಮೇಲೆ ತೋರಿಸುತ್ತದೆ. ಸೂಜಿ ಪೂರ್ತಿಯಾಗಿ ಆ ಸೀಳಿನೊಳಗೇ ಇದ್ದರೆ ಬಿಳಿ ಗೆರೆಯಾಗಿ ಕಾಣುತ್ತದೆ, ಸೀಳನ್ನು ಅಡ್ಡಲಾಗಿ ದಾಟಿದರೆ ಬರಿಯ ಚುಕ್ಕೆಯಾಗುತ್ತದೆ. ಆ ಚುಕ್ಕೆ ಸೂಜಿಯ ತುದಿಯೋ ನಡುಭಾಗವೋ ಎಂಬುದು ತಿಳಿಯದೆ ಮುಂದೊತ್ತಿದರೆ, ಕೀವಿನ ಗೂಡಿನಲ್ಲಿ ನಿಲ್ಲಬೇಕಾದ ತುದಿ ಅದರಾಚೆಯ ರಕ್ತನಾಳವನ್ನೋ ಕರುಳನ್ನೋ ಚುಚ್ಚಿಬಿಡಬಹುದು. ಆದ್ದರಿಂದ ಕಲಿಯುವವರು ರೋಗಿಯನ್ನು ಮುಟ್ಟುವ ಮೊದಲು ಜೆಲಟಿನ್ನಿನ ಗಟ್ಟಿ ಮುದ್ದೆಯಲ್ಲಿ ದ್ರಾಕ್ಷಿಯಂಥ ಸಣ್ಣ ಗುರಿಯೊಂದನ್ನು ಹುದುಗಿಸಿ, ಒಂದು ಕೈಯಲ್ಲಿ ಯಂತ್ರದ ಹಿಡಿಯನ್ನೂ ಇನ್ನೊಂದರಲ್ಲಿ ಸೂಜಿಯನ್ನೂ ಹಿಡಿದು, ಕಣ್ಣನ್ನು ಕೈಯ ಮೇಲಲ್ಲ, ಪರದೆಯ ಮೇಲಿಟ್ಟು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ. ದೇಹಕ್ಕೆ ಬದಲಾಗಿ ಬಳಸುವ ಇಂಥ ಮಾದರಿಯನ್ನು ಫ್ಯಾಂಟಮ್ ಎನ್ನುತ್ತಾರೆ.

ಎಕ್ಸ್‌-ರೇ ಚಿತ್ರವನ್ನು ಚಲನಚಿತ್ರದಂತೆ ತೋರಿಸುವ ಫ್ಲೂರೋಸ್ಕೋಪಿಯಲ್ಲಿ ಇನ್ನೊಂದು ಪಾಠ ಸೇರಿಕೊಳ್ಳುತ್ತದೆ, ಏಕೆಂದರೆ ಅಲ್ಲಿ ಚಿತ್ರ ಕೊಡುವ ವಿಕಿರಣವೇ ರೋಗಿಗೂ ವೈದ್ಯರಿಗೂ ಅಪಾಯದ ಮೂಲವಾಗಿದೆ. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪ್ರಕಾರ ವಿಕಿರಣದ ನಡುವೆ ದುಡಿಯುವವರ ದೇಹಕ್ಕೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್‌ಗಿಂತ ಹೆಚ್ಚಿನ ವಿಕಿರಣ ತಾಗಬಾರದು. ಸೀಸದ ಏಪ್ರನ್ ತೊಡುವುದು, ಚಿತ್ರ ಬೇಡವಾದ ಗಳಿಗೆಯಲ್ಲಿ ಎಕ್ಸ್‌-ರೇ ಹೊರಡಿಸುವ ಪೆಡಲಿನಿಂದ ಕಾಲು ತೆಗೆಯುವುದು, ವಿಕಿರಣದ ಮೂಲದಿಂದ ದೂರ ಎರಡು ಪಟ್ಟಾದರೆ ಅದರ ತೀವ್ರತೆ ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆಂಬುದನ್ನು ನೆನಪಿಟ್ಟು ನಿಲ್ಲುವುದು, ಇವು ಪುಸ್ತಕದ ಮಾತಾಗಿ ಉಳಿಯದೆ ಮೈಗೆ ಹತ್ತಿದ ರೂಢಿಯಾಗಬೇಕು.

ಈ ವಿಭಾಗದ ಪೂರ್ಣ ತಜ್ಞರಾಗಲು ಎಂ.ಬಿ.ಬಿ.ಎಸ್. ಮತ್ತು ಇಂಟರ್ನ್‌ಷಿಪ್ ಸೇರಿ ಐದೂವರೆ ವರ್ಷ, ರೇಡಿಯಾಲಜಿ ಎಂ.ಡಿ.ಗೆ ಮೂರು ವರ್ಷ, ಆಮೇಲೆ ಡಿ.ಎಂ.ಗೆ ಮತ್ತೆ ಮೂರು ವರ್ಷ ಬೇಕು. ಮಿದುಳು ಮತ್ತು ನರಗಳಿಗೆ ಸಂಬಂಧಿಸಿದ ಈ ಬಗೆಯ ಉನ್ನತ ತರಬೇತಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಲಭ್ಯವಿದೆ. ಪ್ರತಿ ತಾಲೂಕಿಗೂ ಇಂಥ ತಜ್ಞರು ಬರಬೇಕೆಂದು ಕಾಯುವುದು ವ್ಯಾವಹಾರಿಕವಲ್ಲ, ಎಲ್ಲ ಕೆಲಸಕ್ಕೂ ಅವರೇ ಬೇಕೆಂದೂ ಇಲ್ಲ. ಅಲ್ಟ್ರಾಸೌಂಡ್ ನೋಡಿ ಹೊಟ್ಟೆಯ ಅಥವಾ ಎದೆಯ ನೀರು ತೆಗೆಯುವುದನ್ನು ತಾಲೂಕು ಆಸ್ಪತ್ರೆಯ ವೈದ್ಯರು ಸರಿಯಾದ ತರಬೇತಿಯಿಂದ ಕಲಿಯಬಹುದು. ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಬಂದ ಕಾಯ್ದೆಯಂತೆ ಯಂತ್ರದ ನೋಂದಣಿ ಮತ್ತು ಬಳಸುವವರ ಅರ್ಹತೆಯನ್ನು ಮಾತ್ರ ಕಡ್ಡಾಯವಾಗಿ ಪಾಲಿಸಬೇಕು.

ಲಕ್ವಾದ ವಿಚಾರ ಬೇರೆ. ಮಿದುಳಿನ ದೊಡ್ಡ ರಕ್ತನಾಳ ಮುಚ್ಚಿಕೊಂಡಾಗ ಹೆಪ್ಪನ್ನು ಸೆಳೆದು ತೆಗೆಯುವ ಚಿಕಿತ್ಸೆಯನ್ನು ಸಾಮಾನ್ಯವಾಗಿ ಆರು ಗಂಟೆಯೊಳಗೆ, ಆಯ್ದ ರೋಗಿಗಳಲ್ಲಿ ಮಾತ್ರ 24 ಗಂಟೆಯವರೆಗೆ ಮಾಡಬಹುದಾದರೂ, ತಡವಾದಷ್ಟೂ ಫಲ ಕಡಿಮೆಯಾಗುತ್ತದೆ. ಬೆಳಗಾವಿಗೆ ಸುಮಾರು 100 ಕಿಲೋಮೀಟರ್ ದೂರದ ರಾಮದುರ್ಗದ ವೈದ್ಯರು ಇಲ್ಲಿ ಕಲಿಯಬೇಕಾದದ್ದು ತಂತಿ ಹಿಡಿಯುವುದನ್ನಲ್ಲ. ಲಕ್ಷಣಗಳನ್ನು ಕಂಡ ಕೂಡಲೇ ಗುರುತಿಸಿ, ಅವು ಶುರುವಾದ ಹೊತ್ತನ್ನು ಬರೆದಿಟ್ಟು, ಆಂಬುಲೆನ್ಸ್ ಹೊರಡುವ ಮೊದಲೇ ದೊಡ್ಡ ಆಸ್ಪತ್ರೆಗೆ ಫೋನ್ ಮಾಡುವುದನ್ನು.

ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ ಈಗಾಗಲೇ ಜಾರಿಯಲ್ಲಿದೆ. ವೈದ್ಯಕೀಯ ಕಾಲೇಜಿನಿಂದ ಜಿಲ್ಲೆಯ ಆಸ್ಪತ್ರೆಗಳ ಕಡೆಗೆ ತೆರೆದಿರುವ ಈ ದಾರಿ ಒಮ್ಮುಖವಾಗಿ ಉಳಿಯಬಾರದು. ಬೆಳಗಾವಿ ಮತ್ತು ಹುಬ್ಬಳ್ಳಿಯ ವೈದ್ಯಕೀಯ ಕಾಲೇಜುಗಳು ಈ ನಾಲ್ಕು ತಾಲೂಕುಗಳ ವೈದ್ಯರನ್ನು ಸರದಿಯಂತೆ ಕರೆಸಿಕೊಂಡು, ಫ್ಯಾಂಟಮ್ಮಿನ ಮುಂದೆ ಕೂರಿಸಿ, ಸೂಜಿಯ ತುದಿಯನ್ನು ಪರದೆಯಲ್ಲಿ ಹುಡುಕುವುದನ್ನು ಕಲಿಸಿ ಕಳಿಸಬೇಕು.